ಅಸೀಬಿಯ ಹೊಸ ಹಲ್ಲು

ಜನವರಿ 9, ಮಂಗಳವಾರ

ಬೆಳಗಿನ ಬಿಸಿಲಿಗೆ ಅಸೀಬಿಯನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ ಬಾಯಿ ತೆರೆಸಿದೆ. ಮೇಲಿನ ಸಾಲಿನ ಹೊಸ ಹಲ್ಲಿನ ಮೇಲೆ ಕಂದು ಗೆರೆ. ಒಂದಲ್ಲ, ಮೂರು. ಮಳೆಗಾಲದಲ್ಲಿ ಮೂಡಿದಾಗ ಆ ಹಲ್ಲು ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ನೋಡಿ ಹಿಗ್ಗಿದ್ದೆ.

ಬ್ರಷ್ಷಿನಲ್ಲಿ ಉಜ್ಜಿದೆ, ಹೋಗಲಿಲ್ಲ. ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಬೆರಳಲ್ಲಿ ತಿಕ್ಕಿದೆ. ಅವಳು ಕಾಲು ಬಡಿದಳು, ನಾನು ಬಿಡಲಿಲ್ಲ. ಒಸಡಿನಿಂದ ರಕ್ತ ಬಂದ ಮೇಲೇ ನನ್ನ ಕೈ ನಿಂತದ್ದು. ಗೆರೆ ಹಾಗೇ ಇತ್ತು. ಏಳೂವರೆ ವರ್ಷದ ಮಗು, ಬಾಯಿ ತುಂಬ ಕರಿ ನೊರೆ ಇಟ್ಟುಕೊಂಡು, "ನಾನೇನ್ ಮಾಡ್ದೆ ಅಮ್ಮಾ?" ಅಂತ ಕೇಳಿತು.

ಈ ಊರಿನ ಮಕ್ಕಳ ಹಲ್ಲು ಕೊಳಕು ಅನ್ನುವುದು ನನಗೆ ಹೊಸದಲ್ಲ. ಮೂರು ವರ್ಷದಿಂದ ಶಾಲೆಯಲ್ಲಿ ಅವರನ್ನು ಸೋಮಾರಿಗಳು ಅಂತ ಬೈಯುತ್ತಾ ಬಂದಿದ್ದೇನೆ. ಅಡಿಕೆಯ ಹಾಗೆ ಕೋಲಾ ಬೀಜ ಜಗಿಯುವ ಅಜ್ಜಂದಿರನ್ನು ನೋಡಿ ಕಲಿಯುತ್ತಾರೆ, ತಾಯಂದಿರಿಗೆ ಗಮನವಿಲ್ಲ ಅಂತ ಈ ಊರಿಗೆ ಬೋರ್‌ವೆಲ್ ಕೊರೆಸಿದ ನಮ್ಮ ಸಂಸ್ಥೆಗೆ ವರದಿಯನ್ನೂ ಕಳಿಸಿದ್ದೇನೆ. ಆದರೆ ಅಸೀಬಿಯ ಹಲ್ಲನ್ನು ದಿನಕ್ಕೆ ಎರಡು ಸಲ ಉಜ್ಜಿಸುವವಳು ನಾನೇ. ಕೋಲಾವನ್ನು ಅವಳು ಮೂಸಿಯೂ ನೋಡಿಲ್ಲ.

ಹಾಗಾದರೆ ಇದೇನು?

ಜನವರಿ 11, ಗುರುವಾರ

ಶಾಲೆಗೆ ಹೋದೆ. ಮೇಷ್ಟ್ರಿಗೆ ಹೇಳಿ ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಿಸಿದೆ. ಹಲ್ಲು ತೋರಿಸಿ ಅಂದೆ. ಮತ್ತೆ ಬೈಗುಳ ಶುರುವಾಗುತ್ತೆ ಅಂದುಕೊಂಡು ಕೆಲವು ಮಕ್ಕಳು ಆಗಲೇ ತುಟಿ ಬಿಗಿಹಿಡಿದಿದ್ದವು.

ಈ ಸಲ ಬೈಯಲಿಲ್ಲ. ನೋಡುತ್ತಾ ಹೋದೆ. ಕಂದು, ಕಂದು, ಹಳದಿ, ಅಲ್ಲಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಗುಳಿ. ಆಮೇಲೆ ಒಂದು ಹುಡುಗಿಯ ಹಲ್ಲು, ಬೆಳ್ಳಗೆ. ಅವಳ ಪಕ್ಕದ ಹುಡುಗನದೂ ಬೆಳ್ಳಗೆ. ಯಾವ ಮನೆ ನಿಮ್ಮದು ಅಂದೆ. "ಗೊವಾರೆ" ಅಂದರು. ಬಯಲಿನ ಆಚೆಯ ಊರು. ಅಲ್ಲಿಂದ ಹತ್ತೊಂಬತ್ತು ಮಕ್ಕಳು ಈ ಶಾಲೆಗೆ ನಡೆದು ಬರುತ್ತವೆ. ಹತ್ತೊಂಬತ್ತನ್ನೂ ಬೇರೆ ನಿಲ್ಲಿಸಿದೆ. ಹತ್ತೊಂಬತ್ತರ ಹಲ್ಲೂ ಬೆಳ್ಳಗೆ.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಸಾಲಿನ ಕೊನೆಯಲ್ಲಿದ್ದವಳು ತಾನಿ, ನಾನು ಬಾಡಿಗೆಗಿರುವ ಮನೆಯ ಯಜಮಾನಿ ಅತಿಪೋಕಾ ಅಜ್ಜಿಯ ಮೊಮ್ಮಗಳು. ಹನ್ನೊಂದು ವರ್ಷ. ಮಾತಾಡುವಾಗ ಯಾವಾಗಲೂ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ. ಅಂಗೈ ಹಿಂದಿನಿಂದಲೇ ಕೇಳಿದಳು: "ಮೇಡಮ್, ಅಸೀಬಿ ಹಲ್ಲಿಗೂ ಬಂದಿದೆಯಂತೆ? ಅವಳಿಗೂ ಉಜ್ಜಕ್ಕೆ ಬರಲ್ವಾ?"

ಜನವರಿ 15, ಸೋಮವಾರ

ಊರಿನ ಕೈಪಂಪಿನ ವಾಷರ್ ಹಾಕಲು ಬಯೋರ್ ಬಂದಿದ್ದ. ಜಿಲ್ಲೆಯ ಅರ್ಧ ಪಂಪುಗಳನ್ನು ಅವನೇ ನೋಡಿಕೊಳ್ಳುವುದು. ಅವನು ದಗಾಬಾ, ನಾನು ಫ್ರಫ್ರಾ. ನಮ್ಮ ಎರಡು ಕುಲದವರು ಎದುರಾದರೆ, ನಾಯಿ ತಲೆ ಯಾರ ಪಾಲು ಅಂತ ತಮಾಷೆಗೆ ಬೈದಾಡಿಕೊಳ್ಳಲೇಬೇಕು, ಅದು ಅಜ್ಜಂದಿರ ಕಾಲದ ಕಟ್ಟಳೆ.

"ಏನಮ್ಮ ನನ್ನ ಗುಲಾಮೆ, ಯಜಮಾನ ಬಂದ್ರೂ ಎದ್ದು ನಿಲ್ಲಲ್ವಲ್ಲ?" ಅಂದ.

"ಯಜಮಾನ ಯಾವ ನಾಯಿತಲೆ ತಿಂದು ಬಂದಿದ್ದಾನೋ, ವಾಸನೆ ಹೋಗ್ಲಿ ಅಂತ ಕಾಯ್ತಿದೀನಿ."

"ನಾಯಿ ತಲೆ ನಿಮ್ಮಪ್ಪ ತಿಂದ. ನಮ್ಮನೆಗೆ ಬಾಲ ಅಷ್ಟೇ ಬಂತು."

ನೀರು ಹೊರುತ್ತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಅವರೆಲ್ಲ ಕೊಡ ತುಂಬಿಕೊಂಡು ಹೋದ ಮೇಲೆ ಮಕ್ಕಳ ಹಲ್ಲಿನ ವಿಷಯ ಹೇಳಿದೆ. ಅವನ ನಗು ಹಾಗೇ ಆರಿತು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಉತ್ತರದ ಕಡೆ ಎರಡು ಪಂಪಿನ ಹಿಡಿ ಬಿಚ್ಚಿ ಮುಚ್ಚಿಸಿದೀನಿ ನಾನು," ಅಂದ. "ಇದೇ ಕಥೆ. ಕೆಳಗಿನ ಕಲ್ಲಲ್ಲಿ ಏನೋ ಇರುತ್ತೆ, ನೀರಿಗೆ ಬಿಡುತ್ತೆ. ಫ್ಲೋರೈಡ್ ಅಂತಾರೆ. ನೀರು ತಿಳಿಯಾಗೇ ಇರುತ್ತೆ, ರುಚಿನೂ ಚೆನ್ನಾಗಿರುತ್ತೆ. ಮಕ್ಕಳ ಹಲ್ಲು ಕೆಡಿಸುತ್ತೆ, ಜಾಸ್ತಿಯಾದ್ರೆ ಮೂಳೆನೂ."

"ಯಾರೂ ಹೇಳ್ಲಿಲ್ಲವಲ್ಲ ಬಯೋರ್."

"ಬೋರು ಕೊರೆದಾಗ ನೀರಿನ ಪರೀಕ್ಷೆ ಮಾಡಿಸಿರ್ತಾರೆ ಲಾರಾಬಾ. ಕಾಗದ ಬಂದಿರುತ್ತೆ. ನಿಮ್ಮ ಸಂಸ್ಥೆ ಬೀರುವಿನಲ್ಲೇ ಇರಬೇಕು, ಹೋಗಿ ಹುಡುಕು."

ಹೋಗುವಾಗ ಒಂದೂ ಬೈಗುಳ ಆಡದೆ ಹೋದ.

ಜನವರಿ 18, ಗುರುವಾರ. ಬೊಲ್ಗಟಂಗ ಪಟ್ಟಣ, ಸಂಸ್ಥೆಯ ಕಚೇರಿ

ಸಿಕ್ಕಿತು.

ಬೋರ್‌ವೆಲ್ ಉದ್ಘಾಟನೆಯ ಫೋಟೋಗಳ ಅಡಿಯಲ್ಲಿತ್ತು. ಒಂದೇ ಹಾಳೆ. ಫ್ಲೋರೈಡ್: ಲೀಟರಿಗೆ 4.3 ಮಿಲಿಗ್ರಾಂ. ಇರಬಹುದಾದ್ದು: 1.5. ಕೆಳಗೆ "ಕುಡಿಯಲು ಶಿಫಾರಸು ಮಾಡುವುದಿಲ್ಲ" ಅಂತ ಟೈಪ್ ಮಾಡಿದೆ. ಅದರ ಕೆಳಗೆ, ಕಾಗದ ಪಡೆದವರ ಸಹಿ.

ಸಹಿ ನನ್ನದು.

ಕಾಗದ ಹಿಡಿದು ಬೀರುವಿನ ಮುಂದೆ ನೆಲದ ಮೇಲೆ ಕೂತೆ. ಗುಡಿಸುವ ಹೆಂಗಸು ಬಂದು ಕಾಲು ಎತ್ತಮ್ಮ ಅಂದಳು, ಎತ್ತಿದೆ.

ಈಗ ಎಲ್ಲ ನೆನಪಾಗುತ್ತಿದೆ. ಉದ್ಘಾಟನೆಗೆ ನಾಲ್ಕು ದಿನ ಇತ್ತು. ಶಾಮಿಯಾನ, ಗಿನಿಕೋಳಿ, ಊರ ದೊರೆಗೆ ಹೊಸ ಅಂಗಿ ಅಂತ ಓಡಾಡುತ್ತಿದ್ದೆ. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಕಾಗದ ಬಂದಾಗ ಓದಿದೆ. ಹೌದು, ಓದಿದೆ. ನಿರ್ದೇಶಕ ಅವುನಿಯವರ ಹತ್ತಿರ ಹಿಡಿದುಕೊಂಡು ಹೋಗಿ ಸರ್ ಇದೇನಿದು ಫ್ಲೋರೈಡ್ ಅಂತ ಕೇಳಿದೆ. ಅವರು ಫೋನಿನಲ್ಲಿದ್ದವರು, ಕಾಗದ ನೋಡದೆಯೇ, "ಟೂತ್‌ಪೇಸ್ಟಲ್ಲಿ ಹಾಕ್ತಾರಲ್ಲ, ಅದೇ. ಹಲ್ಲಿಗೆ ಒಳ್ಳೇದು. ನಮ್ಮ ಜನಕ್ಕೆ ನೀರಿನ ಜೊತೆ ಪೇಸ್ಟೂ ಪುಕ್ಕಟೆ!" ಅಂದರು. ಇಬ್ಬರೂ ನಕ್ಕೆವು. ಫೈಲಿಗೆ ಹಾಕಿದೆ.

ಆಮೇಲೆ ಮನೆಮನೆಗೆ ಹೋಗಿ, ಕೆರೆ ನೀರು ಬಿಡಿ, ಮಕ್ಕಳಿಗೆ ಪಂಪಿನ ನೀರೇ ಕುಡಿಸಿ ಅಂತ ಹೇಳಿದ್ದು ನಾನು. ಹಟ ಮಾಡಿದ ತಾಯಂದಿರ ಕೈ ಹಿಡಿದು ಪಂಪಿನ ಹತ್ತಿರ ಕರೆದುಕೊಂಡು ಹೋಗಿದ್ದೂ ನಾನೇ. ಆಗ ಹೊಟ್ಟೆಯಲ್ಲಿ ಅಸೀಬಿ ಇದ್ದಳು.

ಜನವರಿ 19, ಶುಕ್ರವಾರ

ಅವುನಿಯವರ ಮೇಜಿನ ಮೇಲೆ ಕಾಗದ ಇಟ್ಟೆ. ಓದಿದರು. ಅವರ ಮುಖ ಬಿಳಿಚಿಕೊಂಡಿತು, ನಾಟಕವಲ್ಲ. ಎಂಟು ವರ್ಷದಲ್ಲಿ ಅವರು ಅದನ್ನು ಇವತ್ತೇ ಮೊದಲು ಓದಿದ್ದು.

"ಯಾರಿಗೆ ಹೇಳಿದ್ದೀಯ?"

"ಬಯೋರ್‌ಗೆ ಗೊತ್ತು."

ಎದ್ದು ಬಾಗಿಲು ಹಾಕಿದರು. ನನ್ನ ಎದುರಿನ ಕುರ್ಚಿಯಲ್ಲೇ ಬಂದು ಕೂತರು. ದನಿ ತಗ್ಗಿಸಿದರು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ.

"ನೋಡು ಲಾರಾಬಾ. ಫೆಬ್ರವರಿ ಹದಿನಾಲ್ಕಕ್ಕೆ ನೆರವು ಕೊಡೋರು ಬರ್ತಾರೆ. ನೀನಿರೋ ಸಬ್ಬೂಗೊ ಊರನ್ನೇ ತೋರಿಸಿ ಎರಡನೇ ಹಂತ ಕೇಳ್ತಿರೋದು. ಇನ್ನೂ ಹನ್ನೆರಡು ಬೋರ್‌ವೆಲ್ಲು. ಹನ್ನೆರಡು ಊರು! ಅಲ್ಲೀವರೆಗೆ ತಡ್ಕೊ."

"ಆ ಹನ್ನೆರಡು ಊರಲ್ಲೂ ಕೆಳಗೆ ಇದೇ ಕಲ್ಲು ಸರ್. ಪರೀಕ್ಷೆ ಮಾಡಿಸ್ತೀರಾ?"

"ಮಾಡಿಸೋಣ."

"ತೋಡೋಕೆ ಮುಂಚೆ? ತೋಡಿದ ಮೇಲೆ?"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಎಷ್ಟು ಸಹಜವಾಗಿ ಮಾಡಿದರು ಅಂದರೆ, ಕಾಗದ ಅವರ ಬಳಿಯೇ ಉಳಿಯಿತು ಅಂತ ಹೊರಗೆ ಬಂದು ಬಸ್ಸು ಹತ್ತಿದ ಮೇಲೇ ನನಗೆ ಹೊಳೆದದ್ದು. ಪುಣ್ಯಕ್ಕೆ ನಿನ್ನೆಯೇ ಫೋನಿನಲ್ಲಿ ಫೋಟೋ ಹಿಡಿದಿದ್ದೆ. ಯಾಕೆ ಹಿಡಿದೆ ಅಂತ ಗೊತ್ತಿಲ್ಲ. ಅವರ ಮೇಲೆ ನನಗೆ ಅನುಮಾನ ಇರಲಿಲ್ಲ. ತಮಗಿಂತ ಹನ್ನೆರಡು ವರ್ಷ ಚಿಕ್ಕವಳಾದ ನನಗೆ ಓದು, ಕೆಲಸ, ಧೈರ್ಯ ಎಲ್ಲ ಕೊಟ್ಟ ಮನುಷ್ಯ.

ಜನವರಿ 20

ಬರೆಯಲಾರೆ.

ಜನವರಿ 24, ಬುಧವಾರ

ಇವತ್ತು ಅತಿಪೋಕಾ ಅಜ್ಜಿಗೆ ಹೇಳಿಬಿಟ್ಟೆ. ಪಂಪು ನೋಡಿಕೊಳ್ಳುವ ಸಮಿತಿಗೆ ಅವಳೇ ಯಜಮಾನಿ. ಮೊದಲು ಅವಳಿಗೆ ಹೇಳದೆ ಊರಿಗೆ ಹೇಳುವುದು ಹೇಗೆ? ಗೋಡೆಯ ನೆರಳಿನಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ನಾನು ಮಂಡಿಯೂರಿ ಕೂತು, ಮೂರು ದಿನದಿಂದ ಉರುಹೊಡೆದಿದ್ದನ್ನೆಲ್ಲ ಹೇಳಿದೆ. ಕಾಗದ, ನನ್ನ ಸಹಿ, ನಕ್ಕಿದ್ದು, ಎಲ್ಲ. ಕೂಗಾಡಲಿ, ಹೊಡೆಯಲಿ, ಸಿದ್ಧಳಾಗೇ ಇದ್ದೆ.

ಅವಳು ಹುಲ್ಲಿನ ಎಳೆಯನ್ನು ಬಾಯಲ್ಲಿ ಕಚ್ಚಿ ಎಳೆದು, "ಗೊತ್ತು" ಅಂದಳು.

"ಏನು ಗೊತ್ತು ಅಜ್ಜಿ?"

"ನೀರಿಂದ ಅಂತ. ಎರಡು ವರ್ಷ ಆಯ್ತು ಗೊತ್ತಾಗಿ. ಗೊವಾರೆ ಮಕ್ಕಳನ್ನ ನಮ್ಮ ಮಕ್ಕಳ ಪಕ್ಕ ನಿಲ್ಲಿಸಿ ನೋಡೋಕೆ ನಮಗೆ ಮೇಡಮ್ ಬೇಕಾ? ನೀನು ಶಾಲೇಲಿ ಹಲ್ಲುಜ್ಜೋ ಪಾಠ ಮಾಡ್ತಿದ್ದಾಗ ನಾವು ಹೆಂಗಸರು ಹಿಂದೆ ನಿಂತು ನಗ್ತಿದ್ವಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ ನೀವು? ಪಂಪಿನ ಹಿಡಿ ಬಿಚ್ಚಿಸ್ತಿದ್ರಿ." ಬುಟ್ಟಿ ಪಕ್ಕಕ್ಕಿಟ್ಟಳು. ಸೊಂಟಕ್ಕೆ ಸುತ್ತಿಕೊಂಡ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿದಳು. ಕಣಕಾಲ ಮೇಲೆ ನಾಣ್ಯದಷ್ಟು ದೊಡ್ಡ ಕಲೆಗಳು. "ಇದು ಕೆರೆ ನೀರು ಕುಡಿದು ಬಂದದ್ದು. ಕಾಲೊಳಗಿಂದ ಹುಳ ಹೊರಗೆ ಬರೋದು ನೋಡಿದೀಯಾ? ಕಡ್ಡಿಗೆ ಸುತ್ತಿ ದಿನಾ ಒಂದು ಬೆರಳಷ್ಟು ಎಳೀಬೇಕು. ಹರಿದ್ರೆ ಸತ್ತೆ. ನಾಲ್ಕು ಮಕ್ಕಳನ್ನ ಹೂತಿದೀನಿ ನಾನು, ನಾಲ್ಕೂ ಭೇದಿ. ಬೋರಿನ ನೀರು ಬಂದ್ಮೇಲೆ ಈ ಮನೇಲಿ ಒಂದು ಮಗೂನೂ ಹೂತಿಲ್ಲ. ಹಲ್ಲು ಕಂದಾಗುತ್ತಾ? ಆಗ್ಲಿ. ಕಂದು ಹಲ್ಲಲ್ಲೂ ಮುದ್ದೆ ನುಂಗಬಹುದು. ಸತ್ತ ಮಗು ಏನ್ ನುಂಗುತ್ತೆ?"

"ಆದ್ರೆ ಅಸೀಬಿ..." ಅಂದೆ. ಅಷ್ಟೇ ಬಂತು ಬಾಯಿಗೆ.

ಅಜ್ಜಿ ನನ್ನನ್ನು ನೋಡಿದಳು. "ಓಹೋ. ಇಷ್ಟು ದಿನ ನಮ್ಮ ಮಕ್ಕಳು ಸೋಮಾರಿಗಳು. ನಿನ್ನ ಮಗಳಿಗೆ ಬಂದ ಮೇಲೆ ರೋಗ."

ಫೆಬ್ರವರಿ 2, ಶುಕ್ರವಾರ

ಎಂಟು ದಿನದಿಂದ ಬೊಲ್ಗಟಂಗದಿಂದ ಪ್ಲಾಸ್ಟಿಕ್ ಪೊಟ್ಟಣದ ನೀರು ತರಿಸಿ ಅಸೀಬಿಗೆ ಕುಡಿಸುತ್ತಿದ್ದೇನೆ. ಕೋಣೆಯ ಬಾಗಿಲು ಹಾಕಿ. ಖಾಲಿ ಪೊಟ್ಟಣಗಳನ್ನು ಹಾಸಿಗೆಯಡಿ ಇಟ್ಟು ಸಂತೆಗೆ ಹೋಗುವಾಗ ಎಸೆಯುತ್ತೇನೆ.

ಇವತ್ತು ಮಧ್ಯಾಹ್ನ ತಾನಿ ಬೆಂಕಿ ಕೇಳಲು ಒಳಗೆ ಬಂದುಬಿಟ್ಟಳು. ಅಸೀಬಿ ಪೊಟ್ಟಣದ ತುದಿ ಕಚ್ಚಿ ಹೀರುತ್ತಿದ್ದಳು. ತಾನಿ ಪೊಟ್ಟಣ ನೋಡಿದಳು. ಅಂಗೈ ಬಾಯಿಗೆ ಅಡ್ಡ ಹಿಡಿದೇ ನಿಂತು, ಹೋದಳು.

ನಾನೇನಾ ಇದು? ಇವತ್ತಿನವರೆಗೆ ಈ ಊರಿನವರಿಗೆ ಒಳ್ಳೇದು ಮಾಡಲು ಬಂದವಳು ಅಂತ ನನ್ನನ್ನು ನಾನು ನಂಬಿದ್ದೆ.

ಫೆಬ್ರವರಿ 14, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎರಡು ಜೀಪು ಬಂತು. ಅವುನಿಯವರು, ಹೊರದೇಶದ ಒಬ್ಬ ಗಂಡಸು, ಒಬ್ಬ ಹೆಂಗಸು. ನಾನು ದುಭಾಷಿ. ಹೆಂಗಸರು ಸೋರೆಬುರುಡೆ ಬಡಿದು ಪಂಪಿನ ಹಾಡು ಹೇಳಿದರು. ಅತಿಪೋಕಾ ಅಜ್ಜಿ ಎಲ್ಲರಿಗಿಂತ ಮುಂದೆ ಕುಣಿದಳು. ಕುಣಿಯುತ್ತಲೇ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಬಾಯಿ ಬಿಟ್ಟೀಯ, ಜೋಕೆ" ಅಂದು ಹೋದಳು.

ನಾನು ಬಾಯಿ ಬಿಡಬಾರದು ಅಂತಲೇ ಇದ್ದೆ. ಅದು ಸತ್ಯ. ಮೊದಲು ಬೇರೆ ನೀರಿಗೆ ದಾರಿ ಆಗಲಿ, ಆಮೇಲೆ ಹೇಳೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹೊರದೇಶದ ಹೆಂಗಸು ಒಳ್ಳೆಯವಳ ಹಾಗೆ ಕಂಡಳು. ದೂಳಿನಲ್ಲೇ ಕುಕ್ಕರಗಾಲಲ್ಲಿ ಕೂತು, ಎದುರಿಗಿದ್ದ ತಾನಿಯನ್ನು ಕೇಳಿದಳು: ಪಂಪು ಬಂದ ಮೇಲೆ ನಿನಗೆ ಏನು ಬದಲಾಯಿತು? ನಾನು ನಮ್ಮ ಭಾಷೆಯಲ್ಲಿ ಹೇಳಿದೆ. ತಾನಿ ಅಂಗೈ ಹಿಂದಿನಿಂದ ಮಾತಾಡಿದಳು.

"ನೀರು ಸಿಹಿಯಾಗಿದೆ ಅಂತ ಹೇಳು ಅಂತ ಅಜ್ಜಿ ಹೇಳಿಕೊಟ್ಟಿದಾಳೆ. ಆದ್ರೆ ನೀವು ಅವರನ್ನ ಒಂದು ಮಾತು ಕೇಳಿ ಮೇಡಮ್. ಅಸೀಬಿಗೆ ಪೊಟ್ಟಣದ ನೀರು ತಂದ್ಕೊಡ್ತೀರಲ್ಲ, ನಮಗೆ ಯಾರು ತಂದ್ಕೊಡ್ತಾರೆ?"

ಹೇಳಿ ಅಂಗೈ ತೆಗೆದಳು. ಬಾಯಿ ತೆರೆದಳು. ಬಿಸಿಲಿಗೆ ಮುಖ ಎತ್ತಿ ಹಾಗೇ ನಿಂತಳು.

ಹೊರದೇಶದವಳು ನಗುವುದನ್ನು ನಿಲ್ಲಿಸಿದಳು. "ಏನಂತೆ?" ಅಂತ ನನ್ನ ಕಡೆ ತಿರುಗಿದಳು. ಅವುನಿಯವರು ನಮ್ಮ ಭಾಷೆಯಲ್ಲಿ, ಮುಖದ ಮೇಲಿನ ನಗು ಕದಲಿಸದೆ, "ಹುಡುಗಿ ಧನ್ಯವಾದ ಹೇಳ್ತಿದಾಳೆ ಅನ್ನು" ಅಂದರು.

ನಾನು ತಾನಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಪೊಟ್ಟಣದ ನೀರಿನ ಮಾತನ್ನೂ ಬಿಡಲಿಲ್ಲ. ಆಮೇಲೆ ಫೋನಿನಲ್ಲಿದ್ದ ಕಾಗದದ ಫೋಟೋ ತೋರಿಸಿ, ಸಹಿ ನನ್ನದು ಅಂದೆ.

ಹಾಡು ನಿಂತಿತ್ತು. ಆ ಗಂಡಸು ಅವುನಿಯವರನ್ನು ಜೀಪಿನ ಹಿಂದೆ ಕರೆದುಕೊಂಡು ಹೋದ. ಅಡುಗೆ ಮಾಡಿದ್ದ ಗಿನಿಕೋಳಿ, ಅನ್ನ, ಎಲ್ಲ ಹಾಗೇ ಉಳಿಯಿತು. ಜೀಪುಗಳು ಊಟ ಮಾಡದೆ ಹೋದವು. ನಮ್ಮ ಕಡೆ ಅತಿಥಿ ಉಣ್ಣದೆ ಹೋದರೆ ಮನೆಯಲ್ಲಿ ಹೆಣ ಬಿದ್ದ ಹಾಗೆ.

ಅಜ್ಜಿ ಸೋರೆಬುರುಡೆಯನ್ನು ನೆಲಕ್ಕೆ ಅಪ್ಪಳಿಸಿದಳು. ಎರಡು ಹೋಳಾಯಿತು.

ಫೆಬ್ರವರಿ 19, ಸೋಮವಾರ

ಪಂಪಿನ ಹಿಡಿ ಬಿಚ್ಚಿಕೊಂಡು ಹೋದರು.

ಬಿಚ್ಚಿದವನು ಬಯೋರ್. ಸಂಸ್ಥೆಯ ಜೀಪಿನಲ್ಲಿ ಬಂದ. ನನ್ನ ಕಡೆ ನೋಡಲಿಲ್ಲ. ನಾನೂ ಬೈಯಲಿಲ್ಲ. ಪಂಪಿಗೆ ಕೆಂಪು ಬಣ್ಣ ಬಳಿದರು. ಬದಲಿ ನೀರಿಗೆ ಏನು ಅಂತ ಕೇಳಿದೆ. ಡ್ರೈವರು ನನ್ನ ಕೈಗೆ ಲಕೋಟೆ ಕೊಟ್ಟ. ನನ್ನನ್ನು ಕೆಲಸದಿಂದ ತೆಗೆದ ಪತ್ರ. ಬದಲಿ ನೀರಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ನಾನು ನಿಜ ಹೇಳಿದ್ದಕ್ಕೆ ಇಷ್ಟೇ ಆಯಿತು: ಐದೇ ದಿನದಲ್ಲಿ ಒಂದು ಊರಿನ ನೀರು ಹೋಯಿತು. ಅಜ್ಜಿ ಹೇಳಿದ ಹಾಗೇ. ಅಕ್ಷರ ಅಕ್ಷರ ಹಾಗೇ.

ಹೆಂಗಸರು ಕೊಡ ಹೊತ್ತು ಕೆರೆಯ ಕಡೆ ಹೋಗುವುದನ್ನು ಅಂಗಳದಿಂದ ನೋಡಿದೆ. ಈ ಒಣಗಾಳಿಯ ತಿಂಗಳಲ್ಲಿ ಕೆರೆ ಅಂದರೆ ಒಂದು ಗುಂಡಿ, ಸುತ್ತ ದನದ ಗೊರಸು. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 26, ಸೋಮವಾರ

ತಾನಿಯ ತಮ್ಮನಿಗೆ ಭೇದಿ. ಎರಡು ವರ್ಷದ ಮಗು. ಬೆಳಗಿನ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು, ಹೊಟ್ಟೆಯ ಚರ್ಮ ಎತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಅಜ್ಜಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತಿದ್ದಳು, ಮುಂದೇನು ಅಂತ ಗೊತ್ತಿರುವವಳ ಹಾಗೆ.

ಕೇಳದೆ ಮಗುವನ್ನು ಎತ್ತಿಕೊಂಡೆ. ಅಜ್ಜಿ ಬೇಡ ಅನ್ನಲಿಲ್ಲ. ಕೋಣೆಯಲ್ಲಿ ಉಳಿದಿದ್ದ ಪೊಟ್ಟಣದ ನೀರಿಗೆಲ್ಲ ಸಕ್ಕರೆ ಉಪ್ಪು ಕಲೆಸಿ, ಮೇಷ್ಟ್ರ ಬೈಕಿನ ಹಿಂದೆ ಕೂತು, ಆಸ್ಪತ್ರೆಯ ತನಕ ಚಮಚ ಚಮಚವಾಗಿ ಕುಡಿಸುತ್ತಾ ಹೋದೆ. ದಾರಿಯಲ್ಲಿ ಎರಡು ಸಲ ಉಸಿರು ನಿಂತಿತು ಅಂದುಕೊಂಡೆ.

ಉಳಿಯಿತು. ಸಂಜೆಗೆ ಅತ್ತಿತು. ನರ್ಸಮ್ಮ, "ಅಳ್ತಾ ಇದೆಯಲ್ಲ, ಇನ್ನು ನೀನು ಯಾಕಮ್ಮ ಅಳ್ತೀಯ?" ಅಂದಳು.

ಮಾರ್ಚ್ 1, ಶುಕ್ರವಾರ

ಬಯೋರ್ ಬಂದ, ತನ್ನದೇ ಬೈಕಿನಲ್ಲಿ. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೇನೋ. ಪಂಪಿನ ಹಿಡಿ.

"ಬಿಚ್ಚು ಅಂದ್ರು, ಬಿಚ್ಚಿದೆ. ಮತ್ತೆ ಹಾಕಬೇಡ ಅಂತ ಯಾರೂ ಹೇಳಲಿಲ್ಲ," ಅಂದ. ಇನ್ನೊಂದು ಕಾಗದವನ್ನೂ ತಂದಿದ್ದ, ಗೊವಾರೆಯ ಪಂಪಿನ ನೀರಿನ ಪರೀಕ್ಷೆಯದು. ಫ್ಲೋರೈಡ್ 0.6. ಒಳ್ಳೆಯ ನೀರು. ಇನ್ನೊಂದು ಸುದ್ದಿ: ಆ ಹನ್ನೆರಡು ಊರಿನಲ್ಲಿ ಮೊದಲು ನೀರು ಪರೀಕ್ಷೆ ಆಗದೆ ಯಾವುದಕ್ಕೂ ಸಹಿ ಹಾಕುವುದಿಲ್ಲ ಅಂತ ನೆರವಿನವರು ಬರೆದಿದ್ದಾರಂತೆ.

ದೊರೆಯ ಅಂಗಳದಲ್ಲಿ ಸಭೆ ಸೇರಿತು. ನನಗೆ ಕುರ್ಚಿ ಹಾಕಲಿಲ್ಲ, ಹೆಂಗಸರ ಜೊತೆ ಚಾಪೆಯ ಮೇಲೆ ಕೂತೆ. ನನ್ನ ತಪ್ಪನ್ನು ಮತ್ತೊಮ್ಮೆ ಎಲ್ಲರ ಮುಂದೆ ಹೇಳಿದೆ. ಕೊಂಬಿನಂತೆ ಬಾಗಿದ್ದ ಒಬ್ಬ ಮುದುಕರು, "ಸಹಿ ಹಾಕೋಕೆ ಮುಂಚೆ ಓದೋದು ಅಂತ ಒಂದಿದೆಯಂತೆ, ನಿಮಗೆ ಶಾಲೇಲಿ ಹೇಳಿಕೊಡಲಿಲ್ವಾ?" ಅಂದರು. ಎಲ್ಲರೂ ನಕ್ಕರು. ನನಗೆ ಆ ನಗು ಮೈಮೇಲೆ ನೀರು ಸುರಿದ ಹಾಗಿತ್ತು.

ಹಿಡಿ ಹಾಕಿದರೆ ಮತ್ತೆ ಮಕ್ಕಳು ಕುಡಿಯುತ್ತವೆ. ಹಾಕದಿದ್ದರೆ ಕೆರೆ. ಎರಡು ತಾಸು ಜಗಳ. ಕೊನೆಗೆ ತಾನಿ ಎದ್ದಳು. ಹುಡುಗಿಯರು ಸಭೆಯಲ್ಲಿ ಮಾತಾಡುವಂತಿಲ್ಲ. ದೊರೆಯ ವಕ್ತಾರ ಕೋಲೆತ್ತಿದ. ದೊರೆ ಬೇಡ ಅಂತ ಕೈ ಮಾಡಿದರು.

"ಬಟ್ಟೆಗೆ, ಸ್ನಾನಕ್ಕೆ, ದನಕ್ಕೆ, ಹಲ್ಲಿಲ್ಲದ ತಾತಂದಿರಿಗೆ ಈ ನೀರು," ಅಂದಳು. "ಚಿಕ್ಕ ಮಕ್ಕಳು ಕುಡಿಯೋಕೆ ಗೊವಾರೆ ನೀರು. ನಾನು ಹೊರ್ತೀನಿ."

ಗೊವಾರೆ ಅಂದ ಕೂಡಲೇ ಅಂಗಳ ತಣ್ಣಗಾಯಿತು. ದೊರೆತನದ ನಗಾರಿ ಯಾರದು ಅನ್ನುವ ಜಗಳದಲ್ಲಿ ಎರಡೂ ಊರು ಏಳು ವರ್ಷದಿಂದ ಒಬ್ಬರ ಸಾವಿಗೆ ಇನ್ನೊಬ್ಬರು ಹೋಗಿಲ್ಲ.

ಅಜ್ಜಿ ಎದ್ದು ನಿಂತಳು. "ನಾನು ಕೇಳ್ತೀನಿ ಅವರನ್ನ. ಮುದುಕಿಗೆ ಏನ್ ಮಾಡ್ತಾರೆ?" ಆಮೇಲೆ ನನ್ನ ಕಡೆ ತಿರುಗದೆ, "ಲಾರಾಬಾನೂ ಬರ್ತಾಳೆ. ಕಾಗದ ಓದೋಕೆ ಒಬ್ಬರು ಬೇಕಲ್ಲ. ಈ ಸಲ ಓದ್ತಾಳೆ" ಅಂದಳು.

ಮಾರ್ಚ್ 4, ಸೋಮವಾರ

ಸಭೆ ಮುಗಿದ ಸಂಜೆಯೇ ಬಯೋರ್ ಪಂಪಿಗೆ ಹಿಡಿ ಹಾಕಿ ಹೋಗಿದ್ದ. ಇವತ್ತು ಗೊವಾರೆಗೆ ಹೋದೆವು. ಅಜ್ಜಿ, ನಾನು, ತಾನಿ, ಇನ್ನೂ ಆರು ಹೆಂಗಸರು. ಎಲ್ಲರ ತಲೆಯ ಮೇಲೂ ಖಾಲಿ ಕೊಡ. ಬಯಲು ದಾಟಲು ಮುಕ್ಕಾಲು ತಾಸು. ಬಿಸಿಲು ಏರುವ ಮುಂಚೆಯೇ ತುಟಿ ಒಡೆದಿತ್ತು.

ಅಲ್ಲಿನ ಪಂಪು ನೋಡಿಕೊಳ್ಳುವಾಕೆ ಅಜ್ಜಿಯಷ್ಟೇ ವಯಸ್ಸಿನವಳು, ಒಂದು ಕಣ್ಣಿಗೆ ಪೊರೆ. ನಮ್ಮನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಏನ್ ಅತಿಪೋಕಾ, ನಗಾರಿ ಕದ್ದೋರಿಗೆ ಈಗ ನೀರೂ ಬೇಕಾಯ್ತಾ?"

"ನಗಾರಿ ಗಂಡಸರ ಜಗಳ. ಅದರ ಚರ್ಮ ಇಲಿ ತಿಂದು ಎಷ್ಟು ಕಾಲ ಆಯ್ತೋ," ಅಂದಳು ಅಜ್ಜಿ. ತಾನಿಯ ಗಲ್ಲ ಹಿಡಿದು ಮುಂದೆ ತಂದಳು. "ಬಾಯಿ ತೋರಿಸೇ."

ತಾನಿ ತೋರಿಸಿದಳು. ಆಕೆ ಒಳ್ಳೆಯ ಕಣ್ಣನ್ನು ಹತ್ತಿರ ತಂದು ನೋಡಿದಳು. ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟಿದಳು. ನಾನು ಕಾಗದ ಓದಲು ಬಾಯಿ ತೆರೆದೆ, ಅಜ್ಜಿ ನನ್ನ ಕಾಲು ತುಳಿದಳು.

"ನಿಮ್ಮೂರ ಮಕ್ಕಳು ಕೊಳಕು ಅಂತ ನಮ್ಮ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೆ," ಅಂದಳು ಆಕೆ. "ಅವುಗಳ ಜೊತೆ ಕೂತು ಉಣ್ಣಬೇಡಿ ಅಂತ." ಪಂಪಿನ ಹಿಡಿಯನ್ನು ತಾನೇ ಹಿಡಿದು ಒತ್ತಲು ಶುರು ಮಾಡಿದಳು. "ಮಕ್ಕಳಿಗೆ ಅಷ್ಟೇ. ನಿಮ್ಮ ಗಂಡಸರು ಕುಡಿದ್ರೆ ಗೊತ್ತಾಗುತ್ತೆ ನಂಗೆ."

ದಿನಕ್ಕೆ ಒಂಬತ್ತು ಕೊಡ. ಬೆಳಿಗ್ಗೆ ಮಾತ್ರ. ಒಪ್ಪಿ ಬಂದೆವು. ಮನೆಮನೆಯ ಸರದಿ ಹಾಕಿದ್ದೇವೆ. ಬರುವ ಮಳೆಗೆ ಮೊದಲು ಸೂರಿನ ನೀರು ಹಿಡಿಯಲು ಶಾಲೆಯ ತಗಡಿನ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಬೇಕು. ಯಾರ ಅಪ್ಪಣೆಗೂ ಕಾಯುವುದಿಲ್ಲ. ಆ ನೀರಿನ ತೊಟ್ಟಿ ಕಟ್ಟಲು ಮರಳು ನಾವೇ ಹೊತ್ತು ಹಾಕಿಕೊಳ್ಳುತ್ತೇವೆ.

ಕುತ್ತಿಗೆ ಹಿ‌ಡಿದುಕೊಂಡಿದೆ. ಎಂಟು ವರ್ಷದಲ್ಲಿ ನಾನು ಇಲ್ಲಿ ಕೊಡ ಹೊತ್ತದ್ದು ಇವತ್ತೇ ಮೊದಲು ಅಂತ ತಾನಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾಳೆ.

ಮಾರ್ಚ್ 12, ಮಂಗಳವಾರ

ಕುಮಾಸಿ ಪಟ್ಟಣದಲ್ಲಿರುವ ಅಸೀಬಿಯ ಅಪ್ಪನ ಫೋನು. ಕೆಲಸ ಹೋಯಿತಲ್ಲ, ಇನ್ನೂ ಅಲ್ಲಿ ಯಾಕೆ ಕೂತಿದ್ದೀಯ, ಮಗಳನ್ನು ಕರೆದುಕೊಂಡು ಬಾ ಅಂದ. ಗುರುವಾರ ನಮ್ಮ ಮನೆಯ ಸರದಿ, ಆಮೇಲೆ ಮಾತಾಡೋಣ ಅಂದೆ. ಯಾವ ಸರದಿ ಅಂದ. ನೀರಿನದು ಅಂದೆ.

ಮಾರ್ಚ್ 14, ಗುರುವಾರ

ಬೆಳಿಗ್ಗೆ ಅಸೀಬಿಗೆ ತಲೆ ಬಾಚುವಾಗ ನೋಡಿದೆ. ಪಕ್ಕದ ಹಲ್ಲಿನ ಮೇಲೂ ಗೆರೆ ಬಂದಿದೆ. ಬರುತ್ತೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಹಲ್ಲು ಒಸಡಿನೊಳಗೆ ಇರುವಾಗಲೇ ಕೆಟ್ಟಿರುತ್ತಂತೆ, ಈಗ ಕುಡಿಯುವ ಒಳ್ಳೆಯ ನೀರು ಆ ಹಲ್ಲಿಗೆ ತಡವಾಯಿತು. ಗೊತ್ತಿದ್ದೂ ಬಾಚುವುದನ್ನು ಬಿಟ್ಟು ಆ ಗೆರೆಯನ್ನೇ ನೋಡಿದೆ.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಕನ್ನಡಿ ಕೇಳಿದಳು. ಅಳುತ್ತಾಳೆ, ಏನು ಹೇಳಿ ಸಮಾಧಾನ ಮಾಡಲಿ ಅಂತ ಯೋಚಿಸುತ್ತಲೇ ಕೊಟ್ಟೆ.

ತುಟಿ ಎತ್ತಿ ನೋಡಿಕೊಂಡಳು. ಈ ಕಡೆ, ಆ ಕಡೆ.

"ತಾನಿ ಅಕ್ಕಂದು ಥರಾನೇ!" ಅಂದಳು. ಕಣ್ಣು ಅರಳಿತ್ತು. "ಅಮ್ಮಾ, ಎರಡು ಹಲ್ಲಿಗೂ ಬಂತಲ್ಲ, ಇನ್ಮೇಲೆ ನನ್ನ ಪೇಟೆಯವಳು ಅನ್ನಂಗಿಲ್ಲ ಅವರು. ಆಟಕ್ಕೆ ಸೇರಿಸ್ಕೋಬೇಕು."

ಮಕ್ಕಳು ಅವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿದ ಮಗು.

ಕನ್ನಡಿ ನನ್ನ ಮಡಿಲಿಗೆ ಹಾಕಿ ಓಡಿದಳು, ತಾನಿಗೆ ತೋರಿಸಲು. ಅಂಗಳದಾಚೆ ಅವರ ದನಿ ಕೇಳಿಸುತ್ತಿತ್ತು. ನಾನು ಕನ್ನಡಿ ಹಿಡಿದು ಕೂತೇ ಇದ್ದೆ. ಹೊರಗಿನಿಂದ ಅಜ್ಜಿ ಕೂಗಿದಳು, "ಲಾರಾಬಾ, ಬಿಸಿಲು ಏರ್ತಿದೆ ಕಣೇ. ಗೊವಾರೆ ಮುದುಕಿ ಪಂಪಿಗೆ ಬೀಗ ಹಾಕ್ತಾಳೆ, ಏಳು."

ಎದ್ದೆ. ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಕೊಡ ಎತ್ತಿಕೊಂಡೆ.